ಬೇಲಿಯಾಚೆಗಿನ ಕೆರೆ

ನಮ್ಮ ಬಡಾವಣೆಗೆ ಬಂದು ಕೆರೆ ಎಲ್ಲಿ ಅಂತ ಯಾರನ್ನಾದರೂ ಕೇಳಿ. ಮುಖ್ಯರಸ್ತೆಗೆ ಹೋಗಿ ಎಡಕ್ಕೆ ತಿರುಗಿ, ಹಸಿರು ಬಣ್ಣದ ದೊಡ್ಡ ಗೇಟು ಕಾಣುತ್ತೆ, ಅದೇ ಅನ್ನುತ್ತಾರೆ. ಪಕ್ಕದ ಮನೆ ತಾತನನ್ನು ಕೇಳಿದರೆ ಮಾತ್ರ ಬೀದಿಯ ಕೊನೆಯ ಮೋರಿಯ ಕಡೆ ಕೈ ತೋರಿಸುತ್ತಾರೆ. "ಕೆರೆ ಇಲ್ಲಿಂದ್ಲೇ ಶುರು ಅಮ್ಮಣ್ಣಿ. ಗೇಟಿನ ಹತ್ರ ಇರೋದು ನೀರು ನಿಲ್ಲೋ ಜಾಗ, ಅಷ್ಟೆ."

ಅವರು ಮಲ್ಲಿಗೆ ಬಳ್ಳಿಗೆ ನೀರು ಹಾಕುವ ಹೊತ್ತು, ನಾನು ಬಟ್ಟೆ ಒಣಹಾಕುವ ಹೊತ್ತು ಎರಡೂ ಒಂದೇ. ನಡುವೆ ಎದೆಮಟ್ಟದ ಕಾಂಪೌಂಡು. ಸೊಪ್ಪಿನ ಬೆಲೆಯಿಂದ ಶುರುವಾದ ಮಾತು ಯಾವ ದಾರಿ ಹಿಡಿದರೂ ಕೊನೆಗೆ ಕೆರೆಯ ಹತ್ತಿರ ಬಂದು ನಿಲ್ಲುತ್ತದೆ. ತಾತನ ಊರು ಮುಳಬಾಗಿಲಿನ ಕಡೆ. ಅವರ ಅಪ್ಪ ಊರಿಗೆ ಕೆರೆಯ ನೀರು ಹಂಚುವ ನೀರಗಂಟಿಯಾಗಿದ್ದವರು. ಮಗನ ಕೆಲಸದ ದೆಸೆಯಿಂದ ಇಲ್ಲಿ ಬಂದು ನೆಲೆಸಿದ್ದಾರೆ. ಆದರೆ ಯಾವ ಹೊಸ ಜಾಗಕ್ಕೆ ಹೋದರೂ ಅವರು ಮೊದಲು ನೋಡುವುದು ನೆಲ ಯಾವ ಕಡೆ ಇಳಿಜಾರಾಗಿದೆ ಎಂಬುದನ್ನೇ. ಅವರ ಜೊತೆ ಹರಟಿ ಹರಟಿ ನನ್ನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ: ಕೆರೆ ಕಾಯುವ ಕೆಲಸದ ಮುಕ್ಕಾಲು ಪಾಲು ಕೆರೆಯ ಬೇಲಿಯಿಂದಾಚೆಗೆ ಇದೆ. ಅದನ್ನು ನಿಮಗೂ ಹೇಳಬೇಕು.

ನಮ್ಮ ಬೆಂಗಳೂರನ್ನೇ ತಗೊಳ್ಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಊರಿನ ಒಳಗೆ ಉತ್ತರದಿಂದ ದಕ್ಷಿಣಕ್ಕೆ ಒಂದು ಏಣು ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆಯನ್ನೋ ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನೋ ಹಿಡಿದು ದಕ್ಷಿಣ ಪಿನಾಕಿನಿಗೆ ಸೇರಿ, ತಮಿಳುನಾಡನ್ನು ದಾಟಿ ಕಡಲೂರಿನ ಹತ್ತಿರ ಸಮುದ್ರ ಕಾಣುತ್ತದೆ. ಓಡುವ ಈ ನೀರನ್ನು ಒಂದಷ್ಟು ಕಾಲ ನಿಲ್ಲಿಸಿಕೊಳ್ಳಲೆಂದೇ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿದರು. ಒಂದರ ಕೆಳಗೊಂದು ಕೆರೆ. ಮೇಲಿನದು ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತೇವಲ್ಲ, ಅವುಗಳಲ್ಲಿ ಬಹುಪಾಲು ಹೀಗೆ ಸಾಲುಹಿಡಿದು ಕಟ್ಟಿದವು. ಮೇಲಿನ ಊರಿನವರು ಕಾಲುವೆ ಮುಚ್ಚಿದರೆ ಕೆಳಗಿನ ಊರಿನವರ ಗದ್ದೆ ಒಣಗುತ್ತದೆ. ಕೆಳಗಿನ ಊರಿನವರು ಕೋಡಿಹಳ್ಳ ಒತ್ತಿಕೊಂಡರೆ ಮೇಲಿನ ಊರಿನ ಏರಿಗೇ ಗಂಡಾಂತರ.

ಬೆಂಗಳೂರು ಕಳೆದುಕೊಂಡ ಕೆರೆಗಳ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಬಂತು. ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಇಷ್ಟು ಹೇಳಿ ನಿಟ್ಟುಸಿರುಬಿಡುತ್ತೇವೆ. ಆದರೆ ಕೆರೆಗಿಂತ ಹೆಚ್ಚು ಕಳೆದುಹೋದದ್ದು ಕೆರೆಯಿಂದ ಕೆರೆಗೆ ಹೋಗುತ್ತಿದ್ದ ರಾಜಕಾಲುವೆ. ಕೆರೆ ದೊಡ್ಡದು, ಮಾಯವಾದರೆ ನಾಲ್ಕು ಜನ ಕೇಳುತ್ತಾರೆ. ಕಾಲುವೆ ಹಾಗಲ್ಲ. ಒಬ್ಬರು ಮೇಲೆ ಚಪ್ಪಡಿ ಹಾಕಿಕೊಂಡರು, ಇನ್ನೊಬ್ಬರು ಅರ್ಧ ಅಡಿ ಗೋಡೆ ಮುಂದಕ್ಕೆ ತಂದರು, ಮತ್ತೊಬ್ಬರು ತಿರುವು ನೇರ ಮಾಡಿದರು. ಇಪ್ಪತ್ತು ಅಡಿಯದು ನಾಲ್ಕು ಅಡಿಯಾಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಸುತ್ತಮುತ್ತ ನೀರು ನಿಂತು, ಟೆಕ್ಕಿಗಳು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ಎಲ್ಲರೂ ಕೆರೆ ಉಕ್ಕಿತು ಅಂದರು. ತಾತ ಟೀವಿ ಮುಂದೆ ಕೂತು, "ಕೆರೆ ಏನು ಮಾಡೀತು? ತುಂಬಿದ್ಮೇಲೆ ಕೋಡಿ ಬೀಳ್ಲೇಬೇಕು. ಹೋಗಕ್ಕೆ ದಾರಿ ಇಲ್ಲ, ಅದಕ್ಕೆ ಮನೆಗೆ ಬಂತು" ಅಂದಿದ್ದರು. ಕೆರೆಯ ಅಂಚಿನಿಂದ ಕಟ್ಟಡಕ್ಕೆ ಎಷ್ಟು ದೂರ ಇರಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಹೇಳಿತು, ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ತಳ್ಳಿಹಾಕಿ ಹಳೆಯ 30 ಮೀಟರನ್ನೇ ಉಳಿಸಿತು. ಮೂವತ್ತೋ ಎಪ್ಪತ್ತೈದೋ, ಟೇಪು ಹಿಡಿದು ಕೆರೆ, ಕಾಲುವೆಗಳ ಬದಿಗೆ ಹೋಗಿ ಅಳೆಯುವವರು ಊರಿನಲ್ಲಿ ಇರಬೇಕು. ಇಲ್ಲದಿದ್ದರೆ ಯಾವ ಅಳತೆಯೂ ಕಾಗದದ ಮೇಲೇ ಉಳಿಯುತ್ತದೆ.

ಹಾಗೆ ಅಳೆಯುವವನು, ನೋಡುವವನು, ಕೇಳುವವನು ಒಂದು ಕಾಲಕ್ಕೆ ಇದ್ದ. ನೀರಗಂಟಿ ಅಂದರೆ ಅವನೇ. ತಾತ ಅವರ ಅಪ್ಪನ ಕೆಲಸವನ್ನು ವಿವರಿಸುವಾಗ ಕಾಂಪೌಂಡಿನ ಮೇಲೆ ಬೆರಳಲ್ಲೇ ನಕ್ಷೆ ಬರೆಯುತ್ತಾರೆ. ಏರಿಯ ಒಳಬದಿಗೆ, ನೀರಿನಲ್ಲಿ ಎರಡು ಕಲ್ಲುಕಂಬ. ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು. ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಮರದ ಗೂಟ, ಅದರ ತುದಿ ತಳದ ಕಲ್ಲಿನ ಕಂಡಿಗೆ ಸರಿಯಾಗಿ ಕೂರಬೇಕು. ಇದು ತೂಬು. ಗೂಟ ಗೇಣು ಎತ್ತಿದರೆ ಇಷ್ಟು ನೀರು, ಎರಡು ಗೇಣು ಎತ್ತಿದರೆ ಇಷ್ಟು. ಗೂಟ ಸಿಕ್ಕಿಕೊಂಡರೆ ಉಸಿರು ಕಟ್ಟಿ ಮುಳುಗಿ ಬಿಡಿಸಬೇಕು. ತೂಬಿನಿಂದ ಹೊರಬಿದ್ದ ನೀರು ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರ ಲೆಕ್ಕ. ಗದ್ದೆಯವರು ತಾವೇ ಮಡವೆ ಕಡಿದುಕೊಳ್ಳುವ ಹಾಗಿಲ್ಲ. ಕೆರೆ ಅರ್ಧವೇ ತುಂಬಿದ ವರ್ಷ, ಊರವರು ಕೂತು, ಈ ಸಲ ಅಚ್ಚುಕಟ್ಟಿನಲ್ಲಿ ಅರ್ಧಕ್ಕೆ ಮಾತ್ರ ನಾಟಿ ಅಂತ ತೀರ್ಮಾನಿಸಿದರೆ, ಆ ತೀರ್ಮಾನ ಮುರಿಯದ ಹಾಗೆ ನೋಡಿಕೊಳ್ಳುವುದೂ ಅವರದೇ ಹೊಣೆ.

ಮಳೆಗಾಲದ ರಾತ್ರಿಗಳ ಮಾತು ಬಂದರೆ ತಾತನ ದನಿಯೇ ಬೇರೆಯಾಗುತ್ತದೆ. ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಲಾಟೀನು ಹಿಡಿದು ಏರಿಯುದ್ದಕ್ಕೂ ನಡೆಯುವರು. ನೋಡುತ್ತಿದ್ದದ್ದು ಏರಿಯ ಹೊರಮೈಯನ್ನು. ಏಡಿ ಕೊರೆದ ತೂತು, ಹೆಗ್ಗಣದ ಬಿಲ, ಎಲ್ಲಾದರೂ ಜಿನುಗು ಕಂಡರೆ ಆ ನೀರನ್ನು ಬೆರಳಲ್ಲಿ ಉಜ್ಜುವರು. ತಿಳಿಯಾಗಿದ್ದರೆ ಸದ್ಯಕ್ಕೆ ಭಯವಿಲ್ಲ. ಮಣ್ಣು ಕದಡಿ ಬರುತ್ತಿದ್ದರೆ ಏರಿಯ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ತಮಟೆ ಬಡಿದರೆ ಮನೆಗೊಬ್ಬರಂತೆ ಗುದ್ದಲಿ, ಮಂಕರಿ, ಹುಲ್ಲಿನ ಹೊರೆ ತಗೊಂಡು ಓಡಿಬರಬೇಕು. ಬೇಸಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿ ಗೋಡುಮಣ್ಣು ಹೊಡೆಯುವುದು ಇನ್ನೊಂದು ಕೆಲಸ. ಕೆರೆಯ ಹೂಳು ಹೋಯಿತು, ಹೊಲಕ್ಕೆ ಗೊಬ್ಬರವಾಯಿತು. ಮುಂಗಾರಿಗೆ ಮುಂಚೆ, ಕೆರೆಗೆ ನೀರು ತರುವ ಕಾಲುವೆಯನ್ನು ಊರಿಗೆ ಊರೇ ಸೇರಿ ಬಿಡಿಸುತ್ತಿತ್ತು. ಸುಗ್ಗಿಯಲ್ಲಿ ಕಣದಿಂದಲೇ ನೀರಗಂಟಿಯ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು.

ಇದನ್ನೆಲ್ಲ ಕೇಳಿ ನಾನು ಒಮ್ಮೆ, "ಎಂಥ ಒಳ್ಳೆ ಕಾಲ ತಾತ" ಅಂದೆ. ಅವರು ಪೈಪು ಕೆಳಗಿಟ್ಟು ನನ್ನನ್ನು ನೋಡಿದರು. "ಊರಿಗೆಲ್ಲ ನೀರು ಹಂಚ್ತಿದ್ದ ನಮ್ಮಪ್ಪಂಗೆ ಊರ ಬಾವೀಲಿ ನೀರು ಸೇದೋ ಹಂಗಿರ್ಲಿಲ್ಲ ತಾಯಿ. ಅಚ್ಚುಕಟ್ಟಿನಾಗೆ ನಮ್ದು ಅಂತ ಒಂದು ಮಡಿ ಗದ್ದೇನೂ ಇರ್ಲಿಲ್ಲ." ಕೋಲಾರ ಸೀಮೆಯಲ್ಲಿ ನೀರಗಂಟಿಗಳು ಹೆಚ್ಚಾಗಿ ದಲಿತ ಮನೆತನದವರು. ಆ ಕೆಲಸದ ಅರಿವು ದೊಡ್ಡದು, ಅದಕ್ಕೆ ಊರು ಕೊಟ್ಟ ಮರ್ಯಾದೆ ಚಿಕ್ಕದು. ಹಳೆಯ ಪದ್ಧತಿಯನ್ನು ಹಾಗೇ ಎತ್ತಿ ತರಬೇಕು ಎಂದು ಹೇಳುವವರು ಈ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕು. ತರಬೇಕಾದದ್ದು ಆ ಕೆಲಸವನ್ನು. ಆ ಅನ್ಯಾಯವನ್ನು ಅಲ್ಲೇ ಬಿಟ್ಟುಬರಬೇಕು.

ಈಗ ನಗರಗಳಲ್ಲಿ ಕೆರೆ ಅಭಿವೃದ್ಧಿ ಅಂದರೆ ಏನಾಗುತ್ತದೆ ನೋಡಿ. ಜೆಸಿಬಿ ಬರುತ್ತದೆ, ಹೂಳು ತೆಗೆಯುತ್ತದೆ. ಸುತ್ತಲೂ ಒಂದೇ ಎತ್ತರದ ಏರಿ ಎತ್ತಿ, ಮೇಲೆ ವಾಕಿಂಗ್ ಪಾತ್ ಹಾಕಿ, ಬೇಲಿ ಕಟ್ಟಿ, ದೀಪ ಹಾಕುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಕೆರೆಗೆ ಏರಿ ಇರಬೇಕಾದದ್ದು ಕೆಳಬದಿಗೆ ಮಾತ್ರ. ಮೇಲ್ಬದಿಗೆ ನೆಲ ನಿಧಾನವಾಗಿ ನೀರಿಗೆ ಇಳಿಯಬೇಕು. ಅಲ್ಲೇ ಜೊಂಡು ಬೆಳೆಯುವುದು, ಅಲ್ಲೇ ಕೊಕ್ಕರೆ ಕಾಲೂರಿ ನಿಲ್ಲುವುದು, ಅಲ್ಲೇ ಹುಲ್ಲು ಕೊಯ್ಯುವವರು ಬರುತ್ತಿದ್ದದ್ದು. ಸುತ್ತಲೂ ದಿಬ್ಬ ಎತ್ತಿದರೆ ಸುತ್ತಲಿನ ಮಳೆನೀರು ಒಳಗೆ ಬರುವುದಾದರೂ ಹೇಗೆ? ಉಳಿದ ಒಂದೆರಡು ಬಾಯಿಯಲ್ಲಿ ಬರುವುದು ಚರಂಡಿ ನೀರು. ತಟ್ಟೆಯನ್ನು ಎಷ್ಟು ಚೆನ್ನಾಗಿ ತೊಳೆದಿಟ್ಟರೂ ಅಡುಗೆಮನೆಯಲ್ಲಿ ಬೆಂದದ್ದೇ ಬಡಿಸುವುದಲ್ಲವೆ?

ಬೇಸಗೆಯ ಮೊದಲ ಮಳೆಯಾದ ಮರುದಿನ ಬೆಳಗಿನ ಜಾವ ಕೆರೆಯ ಏರಿಗೆ ಹೋದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಕಾಲುವೆ ಬಂದು ಸೇರುವ ಮೂಲೆಯಲ್ಲಿ ನೀರು ಕಪ್ಪಗಿರುತ್ತದೆ. ಸಣ್ಣ ದೊಡ್ಡ ಮೀನುಗಳೆಲ್ಲ ಮೇಲೆ ಬಂದು, ನೀರಿನ ಮಟ್ಟಕ್ಕೇ ಬಾಯಿ ಇಟ್ಟು, ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ. ತಿಂಗಳುಗಟ್ಟಲೆ ಮೋರಿಗಳಲ್ಲಿ ಕೂತಿದ್ದ ಕೊಳಕನ್ನೆಲ್ಲ ಮೊದಲ ಮಳೆ ಒಂದೇ ಸಲಕ್ಕೆ ಗುಡಿಸಿ ತಂದು ಹಾಕಿದೆ. ಅದು ಕೊಳೆಯುವಾಗ ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ತಿಂದುಹಾಕುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೂ ರಾತ್ರಿ ಅದನ್ನೇ ಬಳಸುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತು ಮೀನಿಗೆ ಕಡುಕಷ್ಟದ್ದು. ಬಿಸಿಲೇರುವ ಹೊತ್ತಿಗೆ ಬೆಳ್ಳಿ ಹೊಟ್ಟೆಗಳು ಮೇಲಾಗಿ ದಡಕ್ಕೆ ಬಂದು ಬಿದ್ದಿರುತ್ತವೆ, ನಾವು ಫೋಟೋ ತೆಗೆದು ಗುಂಪಿಗೆ ಕಳಿಸುತ್ತೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಳೆಗೆ ಹದಿನೈದು ದಿನ ಮುಂಚೆ ಆ ಕಾಲುವೆಯ ಕಸ, ಕೆಸರು ಎತ್ತಿಸಿದ್ದರೆ ಅಷ್ಟು ಕೊಳಕು ಕೆರೆಗೆ ಇಳಿಯುತ್ತಿರಲಿಲ್ಲ. ಬೆಳ್ಳಂದೂರಿನ ನೊರೆ, 2017ರಲ್ಲೂ 2018ರಲ್ಲೂ ಆ ಕೆರೆಗೆ ಹತ್ತಿದ ಬೆಂಕಿ ದೇಶವೆಲ್ಲ ನೋಡಿದ ಸುದ್ದಿ. ಆ ನೊರೆಯಲ್ಲಿ ಇದ್ದದ್ದು ನಮ್ಮ ನಿಮ್ಮ ಮನೆಯ ಬಟ್ಟೆ ಒಗೆದ ಪುಡಿ. ಮೇಲಿನ ಊರಿನ ಬಚ್ಚಲುಗಳಿಂದ ಹೊರಟು, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ಉಬ್ಬಿ ರಸ್ತೆಗೆ ಬಂತು.

ಇದನ್ನು ಅರಿತು ಕೆಲಸ ಮಾಡಿದವರು ಬೆಂಗಳೂರಿನಲ್ಲೇ ಇದ್ದಾರೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 48 ಎಕರೆಯದು. ಒಣಗಿ ಕೊಳಚೆಯಾಗಿದ್ದ ಅದಕ್ಕೆ 2009ರಿಂದ 2011ರ ಹೊತ್ತಿಗೆ ಮತ್ತೆ ಜೀವ ಬಂತು. ಅಲ್ಲಿ ಸುತ್ತಲಿನ ನಿವಾಸಿಗಳು, ಪರಿಸರ ಬಲ್ಲವರು, ಬಿಬಿಎಂಪಿಯ ಎಂಜಿನಿಯರುಗಳು ಒಟ್ಟಿಗೆ ಕೂತು ಯೋಜನೆ ಮಾಡಿದರು. ಹುಲ್ಲು ಕೊಯ್ಯುವವರನ್ನು ಹೊರಗೆ ಹಾಕಲಿಲ್ಲ. ಗಣೇಶನನ್ನು ಬಿಡಲು ಬೇರೆಯೇ ಕೊಳ ಮಾಡಿದರು. ನೋಡಿಕೊಳ್ಳುವುದಕ್ಕೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ನಿಂತಿತು. ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಮುಂದಿನದು: ತಮ್ಮ ಕೆರೆ ತುಂಬಿತು ಅಂತ ಅವರು ಸುಮ್ಮನಾಗದೆ ಮೇಲಿನ ಕಸವನಹಳ್ಳಿ ಕೆರೆ, ಕೆಳಗಿನ ಸೌಳ್ ಕೆರೆಗಳ ಕಡೆಗೂ ಕೈ ಚಾಚಿದರು. ಸಾಲಿನಲ್ಲಿ ಒಂದೇ ಕೆರೆ ಚೆನ್ನಾಗಿದ್ದರೆ ಅದು ಬಹಳ ದಿನ ಚೆನ್ನಾಗಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ 13 ಎಕರೆಯ ಚಿಕ್ಕ ಕೆರೆ. 2010ರಲ್ಲಿ ಅಕ್ಕಪಕ್ಕದ ಮನೆಯವರು ಟ್ರಸ್ಟ್ ಕಟ್ಟಿ, ಮರುವರ್ಷ ಬಿಬಿಎಂಪಿಯೊಡನೆ ಒಪ್ಪಂದ ಮಾಡಿಕೊಂಡು ಅದನ್ನು ನೋಡಿಕೊಳ್ಳತೊಡಗಿದರು. ಸುತ್ತ ಕಟ್ಟಡಗಳೆದ್ದು ನೀರಿನ ದಾರಿ ಮುಚ್ಚಿದ್ದವು. ಅವರು ಮಳೆನೀರು ಮತ್ತೆ ಕೆರೆಗೆ ಬರುವಂತೆ ಮಾಡಿಸಿದರು, ಹತ್ತಿರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಿಸಿದ ನೀರನ್ನೂ ತರಿಸಿದರು. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು, ನೀರುಗಿಡಗಳಿರುವ ಜೌಗಿನಲ್ಲಿ ನಿಧಾನವಾಗಿ ಹಾದು, ಅಲ್ಲಿ ಒಂದಷ್ಟು ಸಾರಜನಕ, ರಂಜಕ ಬಿಟ್ಟು ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ಬೆಸ್ತರು ಇಂದಿಗೂ ಬಲೆ ಬೀಸುತ್ತಾರೆ. ಈ ಮೂರೂ ಕಡೆ ಕೆರೆ ಉಳಿದದ್ದು ನೀರು ಬರುವ ಬಾಯಿಯ ಹತ್ತಿರ ಆದ ಕೆಲಸದಿಂದ.

ಕೆರೆಯ ಮೇಲ್ಗಡೆಯನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅರ್ಕಾವತಿಯೇ ಸಾಕ್ಷಿ. ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆಯ ನೀರನ್ನು 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ಬೆಂಗಳೂರಿಗೆ ತಂದರು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಕಟ್ಟೆಗಳು ಭದ್ರವಾಗಿ ನಿಂತೇ ಇದ್ದವು, ನೀರು ಬರುವುದು ಮಾತ್ರ ನಿಂತಿತು. ಮೇಲ್ಗಡೆ ಸಾವಿರಾರು ಕೊಳವೆಬಾವಿಗಳು ಅಂತರ್ಜಲ ಎಳೆದವು. ರಾಗಿ ಹೊಲಗಳಿದ್ದ ಕಡೆ ನೀಲಗಿರಿ ತೋಪು ಬಂದವು. ಹಳ್ಳ, ಕಾಲುವೆ ಒತ್ತುವರಿಯಾದವು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ 2017ರಲ್ಲಿ ಹೇಳುವ ಹೊತ್ತಿಗೆ ಒಂದು ಹೊಳೆಯ ಹರಿವೇ ಸೊರಗಿತ್ತು.

ಇನ್ನು ಕೆಳಗಡೆಯ ಕಥೆ. ಇದನ್ನು ಹೇಳದಿದ್ದರೆ ತಾತ ಬೇಜಾರು ಮಾಡಿಕೊಳ್ಳುತ್ತಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರ ಜೂನಿನಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹೋಗಿ, ಅಲ್ಲಿಂದ ಒಂದು ಕೆರೆ ತುಂಬಿ ಮತ್ತೊಂದಕ್ಕೆ ಹರಿಯುತ್ತಿದೆ. ವರ್ಷಾನುಗಟ್ಟಲೆ ಬರ ಕಂಡ ನಾಡಿಗೆ ನೀರು ಬಂತು, ಬತ್ತಿದ್ದ ಬಾವಿಗಳಲ್ಲಿ ನೀರು ಕಂಡಿತು. ಜೊತೆಗೇ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬ ಕೂಗೂ ಎದ್ದಿತು. ಆ ಕೂಗು ನ್ಯಾಯವಾದದ್ದು. ನಾನು ಇಲ್ಲಿ ಬಕೆಟ್ಟಿಗೆ ಸುರಿಯುವ ಪುಡಿ ತಾತನ ಸೀಮೆಯ ಗದ್ದೆಗೆ ಹೋಗುತ್ತದೆ. ಅದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಫಾಸ್ಫೇಟ್ ಇಲ್ಲದ್ದನ್ನು ಹುಡುಕಿ ತರುತ್ತೇವೆ, ಅಳತೆ ಚಮಚದಲ್ಲೇ ಹಾಕುತ್ತೇವೆ.

ಮನೆಮಟ್ಟದಲ್ಲಿ ಮಾಡಬಹುದಾದ್ದು ಇನ್ನೂ ಇದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಹಾಗೆ ಲೆಕ್ಕ ಹಾಕಿದರೆ 30 x 40 ಅಡಿಯ ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. 2009ರಿಂದ ಆ ಅಳತೆಯ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಪೈಪು ಹಾಕಿಸಿ, ಸಂಪು ತುಂಬಿದ ಮೇಲೆ ಮಿಕ್ಕದ್ದನ್ನು ಇಂಗುಬಾವಿಗೆ ಬಿಟ್ಟರೆ ಬೀದಿಯ ಮೋರಿ ಉಕ್ಕುವುದೂ ಕಡಿಮೆ, ಕೊಳಕು ಒಂದೇ ಏಟಿಗೆ ಕೆರೆಗೆ ನುಗ್ಗುವುದೂ ಕಡಿಮೆ. ಅಂಗಳಕ್ಕೆಲ್ಲ ಟೈಲ್ಸ್ ಹಾಕದೆ ನಾಲ್ಕು ಅಡಿ ಮಣ್ಣು ಬಿಟ್ಟರೂ ಕೆರೆಗೆ ಮಾಡಿದ ಉಪಕಾರವೇ.

ಆದರೆ ಒಬ್ಬೊಬ್ಬರ ಒಳ್ಳೆತನದ ಮೇಲೆ ಕೆರೆ ನಿಲ್ಲುವುದಿಲ್ಲ. ಉತ್ಸಾಹಿಗಳ ಗುಂಪು ಹುಟ್ಟುತ್ತದೆ, ನಾಲ್ಕು ಭಾನುವಾರ ಕಸ ಎತ್ತುತ್ತದೆ, ಮುಂದೆ ನಿಂತವರಿಗೆ ವರ್ಗವಾಗುತ್ತದೆ, ಗುಂಪು ಕರಗುತ್ತದೆ. ಹಳ್ಳಿಯ ಕೆರೆ ನೂರಾರು ವರ್ಷ ನಡೆದದ್ದು, ನಡುರಾತ್ರಿ ಮಳೆ ಬಂದರೆ ಯಾರು ಏಳಬೇಕು ಎಂಬುದು ಇಡೀ ಊರಿಗೆ ಗೊತ್ತಿದ್ದದ್ದರಿಂದ. ಅದಕ್ಕೇ ನಾವು ಕೆಲವರು ಸೇರಿ ಒಂದು ಅರ್ಜಿ ಬರೆದಿದ್ದೇವೆ. ತಾತ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

ಅರ್ಜಿಯಲ್ಲಿರುವುದು ಇಷ್ಟೆ. ನಮ್ಮ ಕೆರೆಗೆ ಒಬ್ಬ ಕಾಯಂ ನೀರಗಂಟಿ ಬೇಕು, ಹೆಣ್ಣಾದರೂ ಸರಿ, ಗಂಡಾದರೂ ಸರಿ. ಗೇಟು ತೆಗೆದು ಹಾಕುವ ಕಾವಲುಗಾರರು ಈಗಾಗಲೇ ಇದ್ದಾರೆ, ಇದು ಬೇರೆ ಕೆಲಸ. ತಿಂಗಳ ಸಂಬಳ, ಪಿಎಫ್, ವಾರದ ರಜೆ ಸಿಗಬೇಕು. ಆ ಸಂಬಳದ ಒಂದು ಪಾಲನ್ನು, ಕೆರೆಗೆ ನೀರು ಹರಿಯುವ ಅಷ್ಟೂ ಬೀದಿಯ ಮನೆಗಳು ಸೇರಿ ಕೊಡಬೇಕು. ಮೇಲಿನ ಕೆರೆಯ ಕೋಡಿಯಿಂದ ನಮ್ಮ ಕೆರೆಯ ಬಾಯಿಯವರೆಗೆ, ನಮ್ಮ ಕೋಡಿಯಿಂದ ಕೆಳಗಿನ ಕೆರೆಯವರೆಗೆ ಅವರು ವಾರವಾರ ನಡೆದು ನೋಡಬೇಕು. ಕಾಲುವೆಗೆ ಯಾರಾದರೂ ಕಟ್ಟಡದ ಮಣ್ಣು ಸುರಿದರೆ, ಚರಂಡಿ ಪೈಪು ಸೇರಿಸಿದರೆ ಅದನ್ನು ದಾಖಲೆ ಮಾಡಿ ನಿಲ್ಲಿಸುವ ಅಧಿಕಾರ ಅವರ ಕೈಯಲ್ಲಿ ಇರಬೇಕು. ನೀರಿನ ಮಟ್ಟ, ಬಣ್ಣ, ವಾಸನೆ, ಬಂದ ಹಕ್ಕಿ, ಸತ್ತ ಮೀನು ಎಲ್ಲ ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕ ಎಲ್ಲರೂ ನೋಡುವ ಹಾಗೆ ಇಡಬೇಕು. ಮುಂಗಾರಿಗೆ ಮುಂಚೆ ಕಾಲುವೆ ಬಿಡಿಸುವ ದಿನ ಮನೆಗೊಬ್ಬರು ಬರಬೇಕು, ಹಣ ಕೊಟ್ಟು ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಕೊನೆಯ ಮಾತಿಗೆ ತಾತ ಬಹಳ ಹಟ ಹಿಡಿದರು. ಕಾಲುವೆಗೆ ಒಮ್ಮೆ ಇಳಿದವರು ಮತ್ತೆ ಅದಕ್ಕೆ ಕಸ ಎಸೆಯುವುದಿಲ್ಲ ಎನ್ನುವುದು ಅವರ ಅನುಭವ.

ಸಹಿಗೆ ಬೀದಿಬೀದಿ ಸುತ್ತುತ್ತಿದ್ದೇವೆ. ಕೆರೆಯಿಂದ ಎರಡು ಕಿಲೋಮೀಟರ್ ದೂರದ ಮನೆಯವರು, "ನಮ್ಮ ಮನೆಯಿಂದ ಕೆರೆ ಕಾಣೋದೇ ಇಲ್ವಲ್ಲ, ನಮ್ಮ ಸಹಿ ಯಾಕೆ?" ಅಂತ ಕೇಳುತ್ತಾರೆ. ನಿಮ್ಮ ಮಾಡಿನ ನೀರು ಅಲ್ಲಿಗೇ ಹೋಗುತ್ತೆ, ಆದ್ದರಿಂದ ನಿಮ್ಮದೇ ಮೊದಲು ಬೇಕು ಅಂತ ಹೇಳಿ, ಅವರನ್ನೇ ಕರೆದುಕೊಂಡು ಕಾಲುವೆಯ ಜೊತೆ ಒಂದಷ್ಟು ದೂರ ನಡೆಯುತ್ತೇವೆ. ಹಾಗೆ ನಡೆದು ಬಂದ ಮೇಲೆ ಸಹಿ ಹಾಕದೆ ಹೋದವರನ್ನು ನಾನು ಇನ್ನೂ ಕಂಡಿಲ್ಲ.